ಸೀಸದ ಗುಂಡಿಗೆ ಹೇಳಿ ಮಾಡಿಸಿದ ಎಕ್ಸ್‌ಪಾಂಡರ್: ಮೂರರಲ್ಲಿ ಒಂದು ಚಿನ್ನ, ಒಂದು ದಂಡ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಲೇತ್ ಇಟ್ಟುಕೊಂಡು ಒಬ್ಬರೇ ದುಡಿಯುವ ಒಬ್ಬ ಮೆಷಿನಿಸ್ಟ್ ಕೈಯಲ್ಲಿ ನಾನು ಮೂರು ಎಕ್ಸ್‌ಪಾಂಡರ್ ಪ್ಲಗ್, ಅಂದರೆ ಬಂದೂಕಿನ ತೋಟೆಯ ಖಾಲಿ ಹಿತ್ತಾಳೆ ಕೇಸಿನ ಬಾಯಿ ಹಿಗ್ಗಿಸುವ ಉಕ್ಕಿನ ತುಂಡು, ಮಾಡಿಸಿಕೊಂಡೆ. 9 ಎಂಎಂಗೆ ಮಾಡಿಸಿದ್ದು ಅಪ್ಪಟ ಚಿನ್ನ. .38 ಸ್ಪೆಷಲ್‌ಗೆ ಮಾಡಿಸಿದ್ದು ದಂಡ. ಕೆಲಸ ಚೆನ್ನಾಗಿದೆ, ಆದರೆ ಆ ಕೇಸಿಗೆ ಅದು ಬೇಕಾಗಿಯೇ ಇಲ್ಲ. .30 ಕ್ಯಾಲಿಬರ್ ರೈಫಲ್ ಕೇಸಿಗೆ ಮಾಡಿಸಿದ್ದು ಕೈಗೆ ಬಂದಾಗ ಸರಿ ಇರಲಿಲ್ಲ. ವಾಪಸ್ ಕಳಿಸಿದ ಮೇಲೆ ಸರಿಯಾಯಿತು. ಈಗ ವಿವರಕ್ಕೆ ಬರೋಣ.

ನಾನು ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇನ್ನೊಬ್ಬರ ಟರ್ನಿಂಗ್ ಕೈಗೆ ಬಂದರೆ ಹೊಳಪು ನೋಡಿ ಮರುಳಾಗುವುದಿಲ್ಲ. ಮೂಲೆ ಹೇಗಿದೆ, ಮೆಟ್ಟಿಲು ಹೇಗೆ ಇಳಿದಿದೆ, ಎರಡು ವ್ಯಾಸಗಳು ಒಂದೇ ಅಕ್ಷದ ಮೇಲೆ ಇವೆಯಾ, ಇಷ್ಟು ನೋಡುತ್ತೇನೆ. ಈಗ ನನ್ನ ಹತ್ತಿರ ಲೇತ್ ಇಲ್ಲ. ಮೈಕ್ರೋಮೀಟರ್ ಮತ್ತು ಡಯಲ್ ಗೇಜ್ ಮಾತ್ರ ಮಾರಿಲ್ಲ. ಅವು ಇರುವುದರಿಂದಲೇ ಈ ವಿಮರ್ಶೆ ಬರೆಯಲು ಧೈರ್ಯ ಬಂತು ಅನ್ನಿ.

ರಿಲೋಡಿಂಗ್, ಅಂದರೆ ಹಾರಿಸಿದ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುವ ಕೆಲಸ. ಅದಕ್ಕೆ ಹೊಸಬರಿಗೆ ಎರಡು ಮಾತು. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸ್ ಹಿಗ್ಗಿರುತ್ತದೆ. ಅದನ್ನು ಸೈಜಿಂಗ್ ಡೈ ಮೊದಲು ಕುಗ್ಗಿಸುತ್ತದೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕುಗ್ಗಿಸುತ್ತದೆ. ಆಮೇಲೆ ಎಕ್ಸ್‌ಪಾಂಡರ್ ಪ್ಲಗ್ ಒಳಗೆ ಇಳಿದು ಕೇಸಿನ ಬಾಯನ್ನು ಬೇಕಾದ ಅಳತೆಗೆ ಹಿಗ್ಗಿಸುತ್ತದೆ. ತುದಿಯಲ್ಲಿ ಸ್ವಲ್ಪ ಅಗಲ ಮಾಡಿ ಗುಂಡು ಕೂರುವ ಹಾಗೆ ಮಾಡುತ್ತದೆ. ಇಷ್ಟೇ ಅದರ ಕೆಲಸ. ಬೆರಳಿನಷ್ಟು ಗಾತ್ರದ ಒಂದು ಉಕ್ಕಿನ ತುಂಡು. ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಿದರೆ, ತಾಮ್ರದ ಹೊದಿಕೆ ಇರುವ ಗುಂಡು ಮಾತ್ರ ಬಳಸುವವರಿಗೆ ಬೇಕಿಲ್ಲ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ತಾವೇ ಗುಂಡು ಮಾಡುವವರು ಮಾತ್ರ ಕೆಡಿಸಿಕೊಳ್ಳಲೇಬೇಕು.

ಕಾರಣ ಇದು. ಡೈ ಸೆಟ್ ಜೊತೆ ಬರುವ ಪ್ಲಗ್ ಸಾಮಾನ್ಯವಾಗಿ ಹೊದಿಕೆಯ ಗುಂಡಿನ ಲೆಕ್ಕಕ್ಕೆ ತಯಾರಾಗಿರುತ್ತದೆ. 9 ಎಂಎಂನಲ್ಲಿ ಹೊದಿಕೆಯ ಗುಂಡು 0.355 ಇಂಚು. ಎರಕದ ಗುಂಡು ಅದಕ್ಕಿಂತ ದಪ್ಪ ಇರಬೇಕು. ನಳಿಗೆಯ ಗ್ರೂವ್ (ಒಳಗೆ ಕೊರೆದ ಸುರುಳಿ ತೋಡು) ಅಳತೆಗಿಂತ ಒಂದು ಅಥವಾ ಎರಡು ಥೌ, ಅಂದರೆ ಇಂಚಿನ ಸಾವಿರದ ಒಂದೆರಡು ಭಾಗ, ಜಾಸ್ತಿ ಇದ್ದರೆ ಅದು ನಳಿಗೆಯನ್ನು ಪೂರ್ತಿ ತುಂಬಿಕೊಂಡು ಹೋಗುತ್ತದೆ. ನನ್ನ ನಳಿಗೆಯ ಗ್ರೂವ್ 0.3562. ಹಾಗಾಗಿ ಗುಂಡನ್ನು 0.358ಕ್ಕೆ ಸೈಜ್ ಮಾಡುತ್ತೇನೆ. ಡೈ ಸೆಟ್ಟಿನ ಪ್ಲಗ್ ಅಳೆದರೆ 0.3535. ಪ್ಲಗ್ ಹೊರಗೆ ಬಂದ ಮೇಲೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಕುಗ್ಗುತ್ತದೆ. ಒಳಗಿನ ಅಳತೆ ಅದಕ್ಕಿಂತಲೂ ಕಡಿಮೆಯಾಗುತ್ತದೆ. ಅಂಥ ಕೇಸಿನೊಳಗೆ 0.358ರ ಸೀಸದ ಗುಂಡನ್ನು ಒತ್ತಿದರೆ ಏನಾಗುತ್ತದೆ? ಬಿಗಿ ಬಳೆಯೊಳಗೆ ಕೈ ತೂರಿಸಿದ ಹಾಗೆ. ಬಳೆ ಬಗ್ಗಲ್ಲ, ಕೈಯೇ ಕುಗ್ಗಬೇಕು.

ಹಿತ್ತಾಳೆ ಗಟ್ಟಿ, ಸೀಸ ಮೆತ್ತಗೆ. ಶುದ್ಧ ಸೀಸದ ಗಡಸುತನ ಬ್ರಿನೆಲ್ ಲೆಕ್ಕದಲ್ಲಿ ಸುಮಾರು 5. ಲೈಮನ್ ನಂಬರ್ 2 ಎಂಬ ಹಳೆಯ ಮಿಶ್ರಣದಲ್ಲಿ 90 ಭಾಗ ಸೀಸ, 5 ಭಾಗ ತವರ, 5 ಭಾಗ ಆಂಟಿಮನಿ. ಅದರ ಗಡಸುತನವೂ 15ರ ಆಸುಪಾಸಿನಲ್ಲೇ ನಿಲ್ಲುತ್ತದೆ. 70 ಭಾಗ ತಾಮ್ರ, 30 ಭಾಗ ಸತು ಇರುವ ಕೇಸಿನ ಹಿತ್ತಾಳೆ ಇವೆರಡಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಜೊತೆಗೆ ಪ್ರತಿ ಸಲ ಕುಗ್ಗಿ ಹಿಗ್ಗಿದಾಗಲೂ ಅದು ಇನ್ನಷ್ಟು ಗಡಸಾಗುತ್ತದೆ. ಆದ್ದರಿಂದ ಕೇಸೇ ಸೈಜಿಂಗ್ ಡೈ ಆಗಿಬಿಡುತ್ತದೆ. ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲು) ಇಲ್ಲದ ಡಮ್ಮಿ ಮಾಡಿ, ಸುತ್ತಿಗೆ ಥರದ ಪುಲ್ಲರ್‌ನಿಂದ ಗುಂಡು ಹೊರಗೆ ತೆಗೆದು ಅಳೆದೆ. ಬುಡ 0.3555. ಕಷ್ಟಪಟ್ಟು 0.358ಕ್ಕೆ ಸೈಜ್ ಮಾಡಿದ ಗುಂಡು ನಳಿಗೆಗಿಂತ ತೆಳ್ಳಗಾಗಿ ಕೂತಿತ್ತು.

ಬುಡ ತೆಳ್ಳಗಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗುತ್ತದೆ. ಸೀಸವನ್ನು ಕೊಯ್ಯುತ್ತಾ ಹೋಗಿ ನಳಿಗೆಯ ಗೋಡೆಗೆ ಮೆತ್ತುತ್ತದೆ. ಆಮೇಲೆ ಗುರಿ ಚೆದುರುತ್ತದೆ, ತೊಳೆಯುವುದಕ್ಕೇ ಅರ್ಧ ದಿನ ಹೋಗುತ್ತದೆ. ಆಗ ಜನ ಏನು ಮಾಡುತ್ತಾರೆ? ಮಿಶ್ರಣ ಗಟ್ಟಿ ಮಾಡುತ್ತಾರೆ, ಗುಂಡಿಗೆ ಹಚ್ಚುವ ಮೇಣ ಬದಲಾಯಿಸುತ್ತಾರೆ, ಮದ್ದು ಬದಲಾಯಿಸುತ್ತಾರೆ. ಎಲ್ಲ ಬದಲಾಯಿಸಿ ಕೊನೆಗೆ ಅಚ್ಚಿಗೆ ಬೈಯುತ್ತಾರೆ. ಪ್ಲಗ್ ಮಾತ್ರ ಅಳೆದು ನೋಡುವುದಿಲ್ಲ.

ಇನ್ನು ಆರ್ಡರ್ ಕೊಟ್ಟ ಕಥೆ. ನನಗೆ ಈ ಮನುಷ್ಯನ ಮೇಲೆ ನಂಬಿಕೆ ಹುಟ್ಟಿದ್ದು ಅವರು ಕೇಳಿದ ಪ್ರಶ್ನೆಗಳಿಂದ. ಯಾವ ಕ್ಯಾಲಿಬರ್ ಎಂದು ಅವರು ಮೊದಲು ಕೇಳಲಿಲ್ಲ. ಗುಂಡಿನ ಬುಡದ ವ್ಯಾಸ ಎಷ್ಟು, ಅಳೆದದ್ದು ಯಾವುದರಲ್ಲಿ ಎಂದು ಕೇಳಿದರು. ಕ್ಯಾಲಿಪರ್‌ನಲ್ಲಿ ಅಳೆದಿದ್ದರೆ ಆ ಸಂಖ್ಯೆ ತೆಗೆದುಕೊಳ್ಳುವುದಿಲ್ಲ ಎಂದರು. ಸರಿಯಾದ ಮಾತು. ಸಾಧಾರಣ ಡಿಜಿಟಲ್ ಕ್ಯಾಲಿಪರ್ ಒಂದು ಥೌ ಆಚೀಚೆ ತೋರಿಸಿದರೆ ಅದರ ತಪ್ಪೇನಿಲ್ಲ, ಅದು ಇರುವುದೇ ಅಷ್ಟಕ್ಕೆ. ಇಲ್ಲಿ ಇಡೀ ಆಟ ಎರಡು ಥೌ ಒಳಗೆ ನಡೆಯುತ್ತದೆ. ಹತ್ತು ಸಾವಿರದ ಒಂದು ಭಾಗ ಓದುವ ಮೈಕ್ರೋಮೀಟರ್ ಬೇಕು, ಅದರಲ್ಲೂ ಸೀಸವನ್ನು ಅಳೆಯುವಾಗ ರ‍್ಯಾಚೆಟ್ ಮೆತ್ತಗೆ ತಿರುಗಿಸಬೇಕು. ಜೋರಾಗಿ ಬಿಗಿದರೆ ಮೈಕ್ರೋಮೀಟರೇ ಗುಂಡನ್ನು ಒತ್ತಿಬಿಡುತ್ತದೆ.

ಆಮೇಲೆ ಗುಂಡು ಕೇಸಿನೊಳಗೆ ಎಷ್ಟು ಆಳ ಇಳಿಯುತ್ತದೆ ಎಂದು ಕೇಳಿದರು. ನನಗೆ ಇದು ಬಹಳ ಇಷ್ಟವಾಯಿತು. 9 ಎಂಎಂ ಕೇಸ್ ನೇರ ಕೊಳವೆ ಅಲ್ಲ, ಹೊರಗೂ ಟೇಪರ್ (ಒಂದು ತುದಿಗೆ ಸಣ್ಣಗಾಗುತ್ತಾ ಹೋಗುವ ಆಕಾರ), ಒಳಗೂ ಟೇಪರ್. ಕೆಳಗೆ ಹೋದಂತೆ ಗೋಡೆ ದಪ್ಪವಾಗುತ್ತದೆ. ಗಿಡ್ಡ ಪ್ಲಗ್ ಬಾಯನ್ನು ಮಾತ್ರ ಅಗಲಿಸಿ ಸುಮ್ಮನಾಗುತ್ತದೆ, ಗುಂಡಿನ ಬುಡ ನಿಲ್ಲುವ ಜಾಗದಲ್ಲಿ ಕೇಸ್ ಇನ್ನೂ ಬಿಗಿಯಾಗಿಯೇ ಇರುತ್ತದೆ. ಬುಡವೇ ತಾನೇ ಅನಿಲವನ್ನು ತಡೆಯಬೇಕಾದ್ದು? ಆದ್ದರಿಂದ ವ್ಯಾಸದಷ್ಟೇ ಉದ್ದವೂ ಮುಖ್ಯ. ಅಂಗಡಿಯ ಪ್ಲಗ್‌ಗಳಲ್ಲಿ ಬರೀ ವ್ಯಾಸದ ಸಂಖ್ಯೆ ನೋಡಿ ಕೊಳ್ಳುವವರು ಇಲ್ಲೇ ಎಡವುತ್ತಾರೆ.

ಮಿಶ್ರಣ ಎಷ್ಟು ಗಟ್ಟಿ, ಕೇಸ್‌ಗಳು ಹೊಸವಾ ಹಳೆಯವಾ, ಬಾಯಿಯ ಹತ್ತಿರ ಗೋಡೆಯ ದಪ್ಪ ಎಷ್ಟು, ಯಾವ ಡೈ ಬಾಡಿಯಲ್ಲಿ ಕೂರಿಸುತ್ತೀರಿ, ಇದನ್ನೂ ಕೇಳಿದರು. ಹಳೆಯ, ಗಡಸಾದ ಕೇಸ್ ಜಾಸ್ತಿ ಹಿಂದಕ್ಕೆ ಕುಗ್ಗುತ್ತದೆ. ಹೊಸದು ಕಡಿಮೆ. ನಿಮ್ಮ ಕೇಸ್‌ಗಳನ್ನೇ ಒಂದಷ್ಟು ಕಳಿಸಿದರೆ ಅದರಲ್ಲೇ ಪರೀಕ್ಷೆ ಮಾಡಿ ಅಳತೆ ತೀರ್ಮಾನಿಸುತ್ತೇನೆ ಎಂದರು. ಕಳಿಸಿದೆ. ಬರೀ ಉಪಯೋಗಿಸಿದ ಖಾಲಿ ಕೇಸ್‌ಗಳು, ಪ್ರೈಮರ್ ತೆಗೆದು ತೊಳೆದವು. ನಿಮ್ಮಲ್ಲಿ ಇಂಥವನ್ನು ಅಂಚೆಯಲ್ಲಿ ಕಳಿಸುವುದಕ್ಕೆ, ರಿಲೋಡಿಂಗ್ ಮಾಡುವುದಕ್ಕೆ ಏನು ನಿಯಮ ಇದೆಯೋ ಅದನ್ನು ಮೊದಲು ನೋಡಿಕೊಳ್ಳಿ. ಲೈಸೆನ್ಸ್ ವಿಷಯದಲ್ಲಿ ಊಹೆ ಮಾಡಬಾರದು.

ಬಂದ ಪ್ಲಗ್ ಹೀಗಿದೆ. ತುದಿಯಲ್ಲಿ ಉದ್ದನೆಯ, ನಯವಾದ ಮೂತಿ. ಆಮೇಲೆ ಮೊದಲ ಮೆಟ್ಟಿಲು, 0.3565 ವ್ಯಾಸ, 0.280 ಉದ್ದ. ಅದರ ಮೇಲೆ ಎರಡನೇ ಮೆಟ್ಟಿಲು, 0.360 ವ್ಯಾಸ, ಉದ್ದ ಬರೀ 0.050. ಅದಕ್ಕೂ ಮೇಲೆ ಸಣ್ಣ ಟೇಪರ್, ಬೇಕೆನಿಸಿದರೆ ಬಾಯಿ ಇನ್ನಷ್ಟು ಅರಳಿಸಲು. ಈ ಎರಡು ಮೆಟ್ಟಿಲಿನ ಉಪಾಯ ಹೊಸದೇನಲ್ಲ. ಲೈಮನ್ ಕಂಪನಿಯ ಎಂ ಡೈ ಇದೇ ತತ್ವದ್ದು. ಮೊದಲ ಮೆಟ್ಟಿಲು ಗುಂಡಿಗಿಂತ ಸ್ವಲ್ಪ ಚಿಕ್ಕದು, ಹಿಡಿತ ಕೊಡಲು. ಎರಡನೆಯದು ಗುಂಡಿಗಿಂತ ಚೂರು ದೊಡ್ಡದು, ಗುಂಡು ನೆಟ್ಟಗೆ ಕೂರಲು. ಬರೀ ಶಂಕುವಿನಾಕಾರದಲ್ಲಿ ಬಾಯಿ ಅರಳಿಸಿದರೆ ಗುಂಡು ಓರೆಯಾಗಿ ಕೂತು ಓರೆಯಾಗಿಯೇ ಒಳಗೆ ಹೋಗಬಹುದು. ಇಲ್ಲಿ ಗುಂಡು ಬೆರಳಲ್ಲೇ ಒಂದಿಷ್ಟು ಒಳಗಿಳಿದು ಲಂಬವಾಗಿ ನಿಲ್ಲುತ್ತದೆ.

ಅಳೆದೆ. ಮೊದಲ ಮೆಟ್ಟಿಲು ಎಲ್ಲಿ ಹಿಡಿದರೂ 0.3565, ಮುಂದೆ ಹಿಂದೆ ಟೇಪರ್ ಇಲ್ಲ. ಎರಡು ವ್ಯಾಸಗಳ ನಡುವಿನ ರನ್‌ಔಟ್, ಅಂದರೆ ತಿರುಗಿಸಿದಾಗಿನ ಓಲಾಟ, ಡಯಲ್‌ನಲ್ಲಿ 0.0002 ದಾಟಲಿಲ್ಲ. ಇದು ಹೇಗೆ ಬಂತು ಎಂದು ಬಲ್ಲವರಿಗೆ ಗೊತ್ತು. ಎಲ್ಲ ವ್ಯಾಸಗಳನ್ನೂ ಒಂದೇ ಹಿಡಿತದಲ್ಲಿ, ಚಕ್‌ನಿಂದ ಬಿಚ್ಚದೆ ತಿರುಗಿಸಿದ್ದಾರೆ. ಬಿಚ್ಚಿ ಮತ್ತೆ ಹಿಡಿದರೆ ಮೂರು ದವಡೆಯ ಚಕ್ಕು ಎರಡು ಮೂರು ಥೌ ಅತ್ತಿತ್ತ ಹಿಡಿಯುತ್ತದೆ. ಆಗ ಮೊದಲ ಮೆಟ್ಟಿಲು ಒಂದು ಅಕ್ಷ, ಎರಡನೆಯದು ಇನ್ನೊಂದು ಅಕ್ಷ. ಕೇಸಿನ ಬಾಯಿ ಒಂದು ಕಡೆಗೇ ಜಾಸ್ತಿ ಅರಳಿ ಕೂರುತ್ತದೆ.

ವಸ್ತು 12ಎಲ್14. ಒಳಗೆ ಸ್ವಲ್ಪ ಸೀಸ ಬೆರೆತಿರುವ, ಸಲೀಸಾಗಿ ಕತ್ತರಿಸಿಕೊಳ್ಳುವ ಉಕ್ಕು. ಓ1 ಟೂಲ್ ಸ್ಟೀಲ್‌ನಲ್ಲಿ ಮಾಡಿ ಗಡಸು ಕೊಡಿ ಎಂದು ನಾನು ಕೇಳಿದ್ದೆ. ಬೇಡ ಎಂದು ಅವರೇ ವಾದ ಮಾಡಿದರು. ಓ1 ಅನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಎಣ್ಣೆಗೆ ಹಾಕಿದರೆ ಗಡಸಾಗುತ್ತದೆ, ಸರಿ. ಆದರೆ ಅಳತೆ ಕದಲುತ್ತದೆ, ಆಮೇಲೆ ಗ್ರೈಂಡಿಂಗ್ ಮಾಡಲೇಬೇಕು. ಉಜ್ಜುವುದು ಹಿತ್ತಾಳೆಯನ್ನು ಮಾತ್ರ, ಅದಕ್ಕೆ ಅಷ್ಟು ಗಡಸು ಯಾಕೆ? ಅವರ ವಾದ ಒಪ್ಪಿದೆ. ಸಾವಿರಗಟ್ಟಲೆ ಕೇಸ್ ಓಡಿಸುವ ಪ್ರೊಗ್ರೆಸಿವ್ ಪ್ರೆಸ್ಸಿನವರು ಬೇಕಾದರೆ ಗಡಸು ಮಾಡಿಸಿಕೊಳ್ಳಲಿ. ಒಂದೊಂದೇ ಕೇಸ್ ಇಡುವ ನನ್ನಂಥವರಿಗೆ ಸುಮ್ನೆ ಖರ್ಚು.

ಫಿನಿಶ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಪ್ಲಗ್ ಗೆಲ್ಲುವುದೂ ಸೋಲುವುದೂ ಇಲ್ಲೇ. 9 ಎಂಎಂ ಕೇಸನ್ನು ಕಾರ್ಬೈಡ್ ಡೈನಲ್ಲಿ ಎಣ್ಣೆ ಹಚ್ಚದೆಯೇ ಸೈಜ್ ಮಾಡುತ್ತೇವೆ. ಒಳಗೆ ಒಣ ಹಿತ್ತಾಳೆ. ಪ್ಲಗ್ ಮೇಲೆ ಟೂಲ್ ಗುರುತು ಉಳಿದಿದ್ದರೆ ಅದು ಅರದಂತೆ ಕೆರೆಯುತ್ತದೆ, ಕೇಸ್ ಪ್ಲಗ್ಗಿಗೆ ಅಂಟಿಕೊಂಡು ಲಿವರ್ ಮೇಲೆತ್ತುವಾಗ ಇಡೀ ಮೇಜು ಅಲುಗುತ್ತದೆ. ಇವರು ಅಳತೆಗಿಂತ ಅರ್ಧ ಥೌ ಜಾಸ್ತಿ ಬಿಟ್ಟು ತಿರುಗಿಸಿ, ಉಳಿದದ್ದನ್ನು 400, ಆಮೇಲೆ 600 ನಂಬರ್ ಪೇಪರ್‌ನಲ್ಲಿ ತೆಗೆದಿದ್ದಾರೆ. ಕೊನೆಗೆ ಉದ್ದಕ್ಕೆ ಹೊಳಪು ಕೊಟ್ಟಿದ್ದಾರೆ, ಅಂದರೆ ಗೆರೆಗಳು ಸುತ್ತ ಇಲ್ಲ, ಕೇಸ್ ಜಾರುವ ದಿಕ್ಕಿನಲ್ಲೇ ಇವೆ. ಇಂಥ ಸಣ್ಣ ವಿಷಯ ಯಾರೂ ಕೇಳಿ ಮಾಡಿಸುವುದಲ್ಲ. ಕೈಗೆ ಅಭ್ಯಾಸ ಇರಬೇಕು.

ಸ್ವತಃ ಲೇತ್ ಇದ್ದವರಿಗೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಅರ್ಧ ಥೌ ಲೆಕ್ಕದಲ್ಲಿ ಕತ್ತರಿಸುವುದಕ್ಕೆ ಕ್ರಾಸ್ ಸ್ಲೈಡ್ ಡಯಲ್ ನಂಬಬೇಡಿ. ಕಾಂಪೌಂಡ್ ಸ್ಲೈಡನ್ನು ಲೇತಿನ ಅಕ್ಷದಿಂದ 5.74 ಡಿಗ್ರಿ ತಿರುಗಿಸಿ ಬಿಗಿಯಿರಿ. ಈಗ ಅದರ ಡಯಲ್ಲಿನಲ್ಲಿ ಒಂದು ಥೌ ಮುಂದೆ ಹೋದರೆ ಟೂಲ್ ಅಡ್ಡಕ್ಕೆ ಹೋಗುವುದು ಥೌನ ಹತ್ತನೇ ಒಂದು ಭಾಗ ಮಾತ್ರ. ವ್ಯಾಸದಲ್ಲಿ 0.0002 ಕಡಿಮೆಯಾಗುತ್ತದೆ. ಹಳೆಯ ಉಪಾಯ, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಇಲ್ಲ. ಇನ್ನೊಂದು: ಎಮರಿ ಹಿಡಿದ ಕೂಡಲೇ ಅಳೆಯಬೇಡಿ. ಪ್ಲಗ್ 20 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಈ ವ್ಯಾಸದಲ್ಲಿ ಹತ್ತು ಸಾವಿರದ ಒಂದು ಭಾಗದ ಹತ್ತಿರ ಹಿಗ್ಗಿರುತ್ತದೆ. ಸಣ್ಣದೇ, ಆದರೆ ನೀವು ಹಿಡಿಯಲು ಹೊರಟದ್ದೂ ಅಷ್ಟೇ ಸಣ್ಣದು ಅಲ್ವಾ?

ಪ್ರೆಸ್‌ಗೆ ಹಾಕಿದಾಗ ವ್ಯತ್ಯಾಸ ಕೈಗೇ ಗೊತ್ತಾಯಿತು. ಕೇಸ್ ಒಂದೇ ಒತ್ತಡದಲ್ಲಿ ಇಳಿಯಿತು, ಕೊನೆಯಲ್ಲಿ ಎರಡನೇ ಮೆಟ್ಟಿಲು ಮುಟ್ಟಿದಾಗ ಲಿವರ್‌ನಲ್ಲಿ ಸಣ್ಣ ಬಿಗಿ. ಡೈಯನ್ನು ಅಲ್ಲಿಂದ ಚೂರು ಇಳಿಸಿ ಲಾಕ್ ನಟ್ ಬಿಗಿದರೆ ಸಾಕು. ಎರಡನೇ ಮೆಟ್ಟಿಲು ಇಂಚಿನ ಮೂವತ್ತೆರಡನೇ ಒಂದು ಭಾಗದಷ್ಟು ಒಳಗೆ ಹೋದರೆ ಹೆಚ್ಚು. ಅದಕ್ಕಿಂತ ಇಳಿಸಿದರೆ ಹಿತ್ತಾಳೆಯನ್ನು ಸುಮ್ನೆ ದಣಿಸುತ್ತೀರಿ, ಬಾಯಿ ಬೇಗ ಸೀಳುತ್ತದೆ. ಗುಂಡು ಕೂರಿಸುವಾಗ ಕೇಸಿನ ಅಂಚಿನಲ್ಲಿ ಸೀಸದ ಉಂಗುರ ಕೆತ್ತಿಬರುವುದು ಪೂರ್ತಿ ನಿಂತಿತು.

ಮತ್ತೆ ಡಮ್ಮಿ ಮಾಡಿ ಗುಂಡು ಹೊರಗೆ ತೆಗೆದೆ. ಬುಡ 0.3578. ಈ ಒಂದು ಸಂಖ್ಯೆಗಾಗಿಯೇ ಇಷ್ಟೆಲ್ಲ. ನಳಿಗೆಯ ಗ್ರೂವಿಗಿಂತ ಒಂದೂವರೆ ಥೌ ದಪ್ಪ. ಆಮೇಲೆ ಹಾರಿಸಿದಾಗ, ಅದೇ ಅಚ್ಚು, ಅದೇ ಮಿಶ್ರಣ, ಅದೇ ಮೇಣ, ನಳಿಗೆಯಲ್ಲಿ ಸೀಸದ ಪಟ್ಟಿಗಳು ಕಾಣಲಿಲ್ಲ. ಬ್ರಷ್ ಒಂದೆರಡು ಸಲ ಆಡಿಸಿದರೆ ಮುಗಿಯಿತು.

ಆದರೆ ಇದರಲ್ಲಿ ಎರಡು ಅಪಾಯ ಇವೆ, ಅವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಮೊದಲನೆಯದು ಹಿಡಿತ. ಪ್ಲಗ್ ದೊಡ್ಡದಾದಷ್ಟೂ ಗುಂಡಿನ ಮೇಲೆ ಕೇಸಿನ ಹಿಡಿತ ಕಡಿಮೆ. 9 ಎಂಎಂ ಸಣ್ಣ ಕೇಸ್, ಒತ್ತಡ ಜಾಸ್ತಿ. ತೋಟೆಗಳ ಅಳತೆ, ಒತ್ತಡದ ಮಾನದಂಡ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆಯ ಗರಿಷ್ಠ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಫೀಡ್ ಆಗುವಾಗ, ಅಂದರೆ ಮ್ಯಾಗಜೀನ್‌ನಿಂದ ನಳಿಗೆಗೆ ಏರುವಾಗ, ಗುಂಡು ರ‍್ಯಾಂಪಿಗೆ ಬಡಿದು ಒಳಕ್ಕೆ ಜಾರಿದರೆ ಮದ್ದಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಇದು ತಮಾಷೆಯ ವಿಷಯ ಅಲ್ಲ. ಡಮ್ಮಿಯ ಉದ್ದ ಅಳೆದು, ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳ ಬಲದಿಂದ ಒತ್ತಿ, ಮತ್ತೆ ಅಳೆಯಿರಿ. ಉದ್ದ ಬದಲಾಗಿದ್ದರೆ ಆ ಪ್ಲಗ್ ನಿಮ್ಮ ಕೇಸಿಗೆ ದೊಡ್ಡದಾಯಿತು. ಬಿಗಿಯಾಗಿ ಕ್ರಿಂಪ್ ಮಾಡಿ, ಅಂದರೆ ಕೇಸಿನ ಬಾಯನ್ನು ಗುಂಡಿನ ಮೇಲೆ ಒತ್ತಿ, ಅದನ್ನು ಸರಿಪಡಿಸಲು ಹೋಗಬೇಡಿ. ಕ್ರಿಂಪ್ ಜಾಸ್ತಿಯಾದರೆ ಮತ್ತೆ ಸೀಸವೇ ಕುಗ್ಗುವುದು, ಎಲ್ಲಿಂದ ಹೊರಟಿರೋ ಅಲ್ಲಿಗೇ ಬಂದು ನಿಲ್ಲುತ್ತೀರಿ. ಪಿಸ್ತೂಲಿನ ಕೇಸಿನಲ್ಲಿ ಟೇಪರ್ ಕ್ರಿಂಪ್ ಇರುವುದು ಅರಳಿದ ಬಾಯನ್ನು ಮುಚ್ಚುವುದಕ್ಕೆ ಮಾತ್ರ.

ಎರಡನೆಯದು ಚೇಂಬರ್, ಅಂದರೆ ನಳಿಗೆಯ ಹಿಂದೆ ಕೇಸ್ ಕೂರುವ ಜಾಗ. 9 ಎಂಎಂ ಕೇಸಿನ ಬಾಯಿಯ ಹೊರ ಅಳತೆ ನಕ್ಷೆಯ ಪ್ರಕಾರ 0.380. ಗೋಡೆ 0.011 ದಪ್ಪ ಇದ್ದರೆ, ಎರಡೂ ಬದಿ ಸೇರಿ 0.022, ಜೊತೆಗೆ 0.358ರ ಗುಂಡು. ಒಟ್ಟು ಸರಿಯಾಗಿ 0.380. ಗೋಡೆ 0.012 ಇರುವ ಕೇಸ್ ಬಂದರೆ ಮಿತಿ ದಾಟಿತು. ಆದ್ದರಿಂದ ನಳಿಗೆ ಬಿಚ್ಚಿ, ಡಮ್ಮಿಯನ್ನು ಚೇಂಬರಿಗೆ ಹಾಕಿ ನೋಡಿ. ಟಣ್ ಎಂದು ಬಿದ್ದು, ತಿರುಗಿಸಿದರೆ ತಿರುಗಿ, ತಲೆಕೆಳಗೆ ಮಾಡಿದರೆ ತಾನಾಗಿ ಬೀಳಬೇಕು. ಕೆಲವು 9 ಎಂಎಂ ಕೇಸ್‌ಗಳ ಒಳಗೋಡೆಯಲ್ಲಿ ಒಂದು ಮೆಟ್ಟಿಲೇ ಇರುತ್ತದೆ. ಉದ್ದನೆಯ ಪ್ಲಗ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅಂಥವನ್ನು ನಾನು ನೇರವಾಗಿ ಗುಜರಿ ಡಬ್ಬಿಗೆ ಹಾಕುತ್ತೇನೆ.

.38 ಸ್ಪೆಷಲ್ ಪ್ಲಗ್ ಬಗ್ಗೆ ಹೇಳಲು ಹೆಚ್ಚಿಲ್ಲ. ಈ ಕೇಸ್ ಹುಟ್ಟಿದ್ದೇ ಸೀಸದ ಗುಂಡಿನ ಕಾಲದಲ್ಲಿ. ಗುಂಡು 0.358, ನನ್ನ ಡೈ ಸೆಟ್ಟಿನ ಪ್ಲಗ್ಗೇ 0.356 ಇತ್ತು. ಗೋಡೆ ತೆಳು, ಒತ್ತಡದ ಮಿತಿ 17,000 ಪಿಎಸ್‌ಐ. ಹೊಸ ಪ್ಲಗ್ ಹಾಕಿ ತೆಗೆದ ಗುಂಡು, ಹಳೆಯ ಪ್ಲಗ್ ಹಾಕಿ ತೆಗೆದ ಗುಂಡು, ಎರಡಕ್ಕೂ ಮೈಕ್ರೋಮೀಟರ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಗುಂಡು ನೆಟ್ಟಗೆ ಕೂರುತ್ತದೆ ಎನ್ನುವ ಒಂದು ಸುಖ ಇದೆ. ಅಷ್ಟಕ್ಕೆ ಹೇಳಿ ಮಾಡಿಸುವುದು ಬೇಡ.

.30 ರೈಫಲ್ ಪ್ಲಗ್‌ನಲ್ಲಿ ನನ್ನ ದೂರು ಇದೆ. ಇಲ್ಲಿ ಕೇಸಿಗೆ ಕುತ್ತಿಗೆ ಇರುತ್ತದೆ. ಹೊದಿಕೆಯ ಗುಂಡು 0.308. ನನ್ನ ಎರಕದ ಗುಂಡು 0.310, ಬುಡಕ್ಕೆ ತಾಮ್ರದ ಗ್ಯಾಸ್ ಚೆಕ್, ಅಂದರೆ ಬಿಸಿ ಅನಿಲ ತಡೆಯುವ ಪುಟ್ಟ ಟೊಪ್ಪಿ. ಸೈಜಿಂಗ್ ಡೈಯ ಕಡ್ಡಿಯಲ್ಲಿರುವ ಉಂಡೆ ಕುತ್ತಿಗೆಯನ್ನು ಒಳಗಿನಿಂದ ಮೇಲಕ್ಕೆ ಎಳೆಯುತ್ತಾ ಹಿಗ್ಗಿಸುತ್ತದೆ. ಎಳೆಯುವಾಗ ಕುತ್ತಿಗೆ ಓರೆಯಾಗಬಹುದು, ಕೇಸೂ ಉದ್ದವಾಗುತ್ತದೆ. ಮೇಲಿನಿಂದ ಒತ್ತುವ ಪ್ಲಗ್‌ನಲ್ಲಿ ಈ ಎರಡೂ ತೊಂದರೆ ಕಡಿಮೆ. ಅದಕ್ಕೇ ಉಂಡೆ ಬಿಚ್ಚಿಟ್ಟು ಪ್ಲಗ್ ಮಾಡಿಸಿದ್ದು. ಮೊದಲ ಮೆಟ್ಟಿಲು 0.3085, ಎರಡನೆಯದು 0.3115.

ವ್ಯಾಸಗಳು ಸರಿ ಇದ್ದವು. ಆದರೆ ಎರಡು ಮೆಟ್ಟಿಲುಗಳು ಸೇರುವ ಜಾಗದಲ್ಲಿ ಚೂಪಾದ ಮೂಲೆ. ರೇಡಿಯಸ್ ಇಲ್ಲ, ಚ್ಯಾಂಫರ್ ಇಲ್ಲ. ಉಗುರಿನಿಂದ ಎಳೆದರೆ ಸಿಕ್ಕಿಕೊಳ್ಳುವಷ್ಟು ಚೂಪು. ಪ್ರತಿ ಕೇಸಿನ ಬಾಯಿಂದಲೂ ಕೂದಲಿನಂಥ ಹಿತ್ತಾಳೆ ಚೂರು ಕೆತ್ತಿ ಬರುತ್ತಿತ್ತು. ಜೊತೆಗೆ ಎರಡನೇ ಮೆಟ್ಟಿಲು ಬೇಕಾದ್ದಕ್ಕಿಂತ ಉದ್ದ. 9 ಎಂಎಂ ಪ್ಲಗ್ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೈಯೇ ಇದನ್ನೂ ಮಾಡಿತಾ ಎಂದು ಅನುಮಾನ ಬಂತು. ಫೋಟೋ ತೆಗೆದು ಕಳಿಸಿದೆ. ಅವರು ವಾದ ಮಾಡಲಿಲ್ಲ, ನೆಪ ಹೇಳಲಿಲ್ಲ. ಟೂಲ್ ಬಿಟ್ ಬದಲಾಯಿಸಿದ ಮೇಲೆ ಮೂಲೆ ನೋಡದೆ ಬಿಟ್ಟಿದ್ದೆ, ವಾಪಸ್ ಕಳಿಸಿ ಎಂದರು. ಬೇರೆ ಪ್ಲಗ್ ಮಾಡಿ ಕಳಿಸಿದರು, ದುಡ್ಡು ಕೇಳಲಿಲ್ಲ. ಹೊಸದರಲ್ಲಿ ಮೆಟ್ಟಿಲು ಸಣ್ಣ ಟೇಪರ್‌ನಲ್ಲಿ ಇಳಿಯುತ್ತದೆ, ಗ್ಯಾಸ್ ಚೆಕ್ ಎಲ್ಲೂ ತಡೆಯದೆ ಬಾಯೊಳಗೆ ಜಾರುತ್ತದೆ. ಈಗ ದೂರಿಲ್ಲ. ಆದರೂ ಪರೀಕ್ಷೆ ಮಾಡುವುದು ಗಿರಾಕಿಯ ಕೆಲಸ ಆಗಬಾರದು.

ಇನ್ನೊಂದು ಸಣ್ಣ ಅಸಮಾಧಾನ. ಯಾವ ಪ್ಲಗ್ ಮೇಲೂ ಅಳತೆ ಕೆತ್ತಿಲ್ಲ. ಒಂದು ಥೌ ವ್ಯತ್ಯಾಸದ ಎರಡು ಪ್ಲಗ್ ಒಂದೇ ಡಬ್ಬಿಯಲ್ಲಿದ್ದರೆ ಕಣ್ಣಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ತಲೆಯ ಮೇಲೆ ಎರಡು ಸಂಖ್ಯೆ ಕೊರೆಯಲು ಎಷ್ಟು ಹೊತ್ತು ಬೇಕು?

ಇದೆಲ್ಲ ಓದಿ ಈಗಲೇ ಆರ್ಡರ್ ಮಾಡಲು ಹೊರಟವರು ಸ್ವಲ್ಪ ನಿಲ್ಲಿ. ರೆಡಿಮೇಡ್ ದಾರಿಗಳೂ ಇವೆ. ಎನ್‌ಒಇ ಕಂಪನಿ ಎರಡು ಮೆಟ್ಟಿಲಿನ ಪ್ಲಗ್‌ಗಳನ್ನು ಹಲವು ಅಳತೆಗಳಲ್ಲಿ ಮಾರುತ್ತದೆ, ಅವು ಲೀ ಕಂಪನಿಯ ಯೂನಿವರ್ಸಲ್ ಎಕ್ಸ್‌ಪಾಂಡಿಂಗ್ ಡೈ ಬಾಡಿಯಲ್ಲಿ ಕೂರುತ್ತವೆ. ನಿಮ್ಮ ಗುಂಡಿಗೆ ಹೊಂದುವ ಅಳತೆ ಅಲ್ಲೇ ಸಿಕ್ಕಿದರೆ ಹೇಳಿ ಮಾಡಿಸುವ ಅಗತ್ಯವೇ ಇಲ್ಲ. ರಿವಾಲ್ವರ್ ಕ್ಯಾಲಿಬರ್‌ಗಳಿಗೆ ಆರ್‌ಸಿಬಿಎಸ್‌ನ ಕೌಬಾಯ್ ಡೈ ಸೆಟ್ ಸೀಸದ ಗುಂಡಿನ ಲೆಕ್ಕದಲ್ಲೇ ಬರುತ್ತದೆ. 9 ಎಂಎಂನಲ್ಲಿ ದಪ್ಪ ಗುಂಡು ಬಳಸುವ ಹಳಬರು .38 ಎಸ್ ಆಂಡ್ ಡಬ್ಲ್ಯೂ ಕೇಸಿನ ಎಕ್ಸ್‌ಪಾಂಡರನ್ನು ತಂದು ಹಾಕುವುದೂ ಉಂಟು, ಯಾಕೆಂದರೆ ಆ ಕೇಸಿನ ಗುಂಡು 0.361ರ ಹತ್ತಿರ. ಒಳ್ಳೆಯ ಉಪಾಯವೇ, ಆದರೆ ಕೆಲವು ಕೇಸ್‌ಗಳಲ್ಲಿ ಹಿಡಿತ ತೀರಾ ಸಡಿಲವಾಗುತ್ತದೆ. ಮೇಜಿನ ಅಂಚಿಗೆ ಒತ್ತಿ ನೋಡುವ ಪರೀಕ್ಷೆ ಇಲ್ಲಿ ಬಿಡಲೇಬಾರದು.

ನಿಮ್ಮ ಗುಂಡಿನ ಅಳತೆ ಈ ಎಲ್ಲದರ ನಡುವೆ ಬಿದ್ದರೆ, ಬುಡ ಆಳಕ್ಕೆ ಹೋಗುವ ಉದ್ದನೆಯ ಗುಂಡಾಗಿದ್ದರೆ, ಅಥವಾ ಯಾರೂ ಪ್ಲಗ್ ಮಾಡದ ಹಳೆಯ ಕ್ಯಾಲಿಬರ್ ಆಗಿದ್ದರೆ, ಆಗ ಲೇತಿನವರ ಹತ್ತಿರ ಹೋಗಿ. ಹೋಗುವ ಮೊದಲು ಡಮ್ಮಿಯಿಂದ ತೆಗೆದ ಗುಂಡಿನ ಬುಡ ಅಳೆದುಕೊಂಡು ಹೋಗಿ. ಒಳಗೆ ಹೋದ ಅಳತೆಯಲ್ಲೇ ಹೊರಗೆ ಬರುತ್ತಿದ್ದರೆ ನಿಮಗೆ ಯಾವ ಪ್ಲಗ್ಗೂ ಬೇಡ. ಅರ್ಧ ಥೌಗಿಂತ ಜಾಸ್ತಿ ಕುಗ್ಗಿದ್ದರೆ ಆ ಎರಡು ಸಂಖ್ಯೆ, ಗುಂಡು ಇಳಿಯುವ ಆಳ, ಗೋಡೆಯ ದಪ್ಪ, ಜೊತೆಗೆ ನಿಮ್ಮವೇ ಒಂದಷ್ಟು ಕೇಸ್ ಕೊಡಿ. ಇವನ್ನು ಕೇಳದೆ ಬರೀ ಕ್ಯಾಲಿಬರ್ ಕೇಳಿ ಆರ್ಡರ್ ಬರೆದುಕೊಳ್ಳುವವರು ಸಿಕ್ಕರೆ ಬೇರೆಯವರನ್ನು ಹುಡುಕಿ.

ನಾನು ಇವರಿಗೇ .44 ಮ್ಯಾಗ್ನಮ್ ಪ್ಲಗ್ ಹೇಳಿದ್ದೇನೆ. ಗುಂಡು 0.4315, ಡೈ ಸೆಟ್ಟಿನ ಪ್ಲಗ್ 0.4265. ಎರಡು ಮೆಟ್ಟಿಲಿನ ನಡುವೆ ಟೇಪರ್ ಇರಲಿ, ತಲೆಯ ಮೇಲೆ ಅಳತೆ ಕೆತ್ತಿ ಎಂದು ಈ ಸಲ ಬರೆದೇ ಕೊಟ್ಟಿದ್ದೇನೆ.